ಹಳೆ ಬಟ್ಟೆಗೊಂದು ಕಾಲೇಜು ಸಂಘ

ಕಾಲೇಜಿನಲ್ಲಿ ಎಥ್ನಿಕ್ ಡೇ ಅಂದರೆ ಸಾಕು, ಹೊಸ ಸೀರೆ, ಜರಿಯಂಚಿನ ಪಂಚೆ, ಕುರ್ತಾಗಳ ಖರೀದಿ ಶುರು. ಒಂದು ದಿನ ಉಟ್ಟು ಫೋಟೊ ತೆಗೆಸಿಕೊಂಡ ಮೇಲೆ ಅವು ಬೀರುವಿನ ತಳ ಸೇರುತ್ತವೆ. ಪ್ಲೇಸ್‌ಮೆಂಟ್ ಸಂದರ್ಶನಕ್ಕೆ ಹೊಲಿಸಿದ ಬ್ಲೇಜರ್‌ನ ಗತಿಯೂ ಅಷ್ಟೆ. ಹೀಗಿರುವಾಗ ವಿದ್ಯಾರ್ಥಿಗಳೇ ಸೇರಿ ಹಳೆ ಬಟ್ಟೆ ಅದಲುಬದಲು ಮಾಡಿಕೊಳ್ಳುವ, ಅಗ್ಗಕ್ಕೆ ಕೊಟ್ಟು ಕೊಳ್ಳುವ ಸಂಘ ಕಟ್ಟಿದರೆ ತಪ್ಪೇನು?

ಪರವಾಗಿ ಹೇಳುವವರ ಮಾತಿನಲ್ಲಿ ತೂಕವಿದೆ. ಒಂದು ಹತ್ತಿ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಖರ್ಚಾಗಿರುತ್ತದೆ ಎಂಬ ಅಂದಾಜು ಎಲ್ಲೆಡೆ ಚಾಲ್ತಿಯಲ್ಲಿದೆ. 2013ರಲ್ಲಿ ಢಾಕಾ ಬಳಿ ಸಿದ್ಧ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಾಗ, ಅಗ್ಗದ ರೆಡಿಮೇಡ್ ಬಟ್ಟೆಗೆ ಯಾರು ಬೆಲೆ ತೆರುತ್ತಾರೆಂದು ಜಗತ್ತಿಗೇ ಗೊತ್ತಾಯಿತು. ಅಲ್ಲದೆ ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಬಳಸುವುದೇನು ಹೊಸ ಪದ್ಧತಿಯಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಡ್ರಾಫ್ಟರ್, ಲ್ಯಾಬ್ ಕೋಟುಗಳು ಸೀನಿಯರ್‌ಗಳಿಂದ ಜೂನಿಯರ್‌ಗಳ ಕೈಗೆ ದಾಟುತ್ತಲೇ ಬಂದಿವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿ ಈಗಲೂ ಹಾಸಿಗೆಯ ಮೇಲಿದೆ.

ಆದರೆ ಆಕ್ಷೇಪಗಳೂ ಹಗುರವಲ್ಲ. ಅಕ್ಕನ ಚೂಡಿದಾರವನ್ನೇ ತೊಟ್ಟು ಬೆಳೆದ ಹುಡುಗಿಗೆ ಹಳೆ ಬಟ್ಟೆ ಫ್ಯಾಷನ್ ಅಲ್ಲ, ಬೇರೆ ದಾರಿಯಿಲ್ಲದೆ ಒಪ್ಪಿಕೊಂಡದ್ದು. ಕೈತುಂಬ ದುಡ್ಡಿರುವವರು ಅದನ್ನೇ ‘ಥ್ರಿಫ್ಟ್’ ಎಂದು ಕರೆದು ಮೆರೆದರೆ ಅವಳಿಗೆ ಹೇಗನ್ನಿಸಬೇಕು? ಯಾರೋ ತೊಟ್ಟದ್ದು, ಯಾವ ಮನೆಯದೋ ಎಂಬ ಹಿಂಜರಿಕೆಯ ಹಿಂದೆ ಸ್ವಚ್ಛತೆಯ ಜತೆಗೆ ಜಾತಿಯೂ ಅಡಗಿರುತ್ತದೆ. ಒಂದು ಕ್ಲಬ್ಬು ಅದನ್ನು ಅಳಿಸೀತೆಂಬ ಭರವಸೆ ನನಗಿಲ್ಲ. ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ಒಯ್ಯುವ ಹೆಂಗಸರೂ ಇದ್ದಾರೆ. ಒಳ್ಳೆಯ ಬಟ್ಟೆಗಳನ್ನೆಲ್ಲ ಸಂಘವೇ ಆರಿಸಿಕೊಂಡರೆ ಅವರ ಗಂಟಿಗೆ ಉಳಿಯುವುದು ಹರಕು ಮಾತ್ರ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಬೇರೆ. ನೂರು ರೂಪಾಯಿಗೆ ಶರ್ಟು ಸಿಗುತ್ತದೆ, ಮನಸ್ಸಿಗೂ ಒಳ್ಳೆಯ ಕೆಲಸ ಮಾಡಿದ ಸಮಾಧಾನ ಎಂದಾದರೆ, ಒಂದರ ಬದಲು ನಾಲ್ಕು ಕೊಳ್ಳುವವರೇ ಹೆಚ್ಚು. ಆಗ ಸಂಘವೂ ಇನ್ನೊಂದು ಅಂಗಡಿ. ಕೊನೆಗೆ ಯಾರೂ ಮುಟ್ಟದ ರಾಶಿಯ ಗತಿಯೇನು? ಹಳೆ ಉಣ್ಣೆ ಬಟ್ಟೆಯಿಂದ ಮತ್ತೆ ನೂಲು ತೆಗೆದು ಕಂಬಳಿ ನೇಯುವ ಗಿರಣಿಗಳು ಹರಿಯಾಣದ ಪಾಣಿಪತ್‌ನಲ್ಲಿವೆ. ಆದರೆ ನಮ್ಮ ಹುಡುಗರು ತೊಡುವುದು ಹೆಚ್ಚಾಗಿ ಹತ್ತಿ, ಪಾಲಿಯೆಸ್ಟರ್ ಬೆರೆತ ಬಟ್ಟೆ. ಆ ಎಳೆಗಳನ್ನು ಬೇರ್ಪಡಿಸುವುದು ಸುಲಭವಲ್ಲ.

ಅಳತೆಯ ತೊಡಕೂ ಇದೆ. ಟೈಲರ್ ಹೊಲಿದ ರವಿಕೆಯಲ್ಲಿ ಪಕ್ಕದ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ. ಹೊಲಿಗೆ ಬಿಚ್ಚಿದರೆ ಸಡಿಲವಾಗುತ್ತದೆ. ರೆಡಿಮೇಡಿನಲ್ಲಿ ಓವರ್‌ಲಾಕ್ ಅಂಚಿಗೇ ಬಂದಿರುತ್ತದೆ. ಅದನ್ನು ಚಿಕ್ಕದು ಮಾಡಬಹುದು, ದೊಡ್ಡದು ಮಾಡಲಾಗದು. ಗುಂಡಿ ಹಚ್ಚಲೂ ಬಾರದ ಸಂಘದಲ್ಲಿ ಇಂಥ ಬಟ್ಟೆ ಒಬ್ಬರ ಬೀರುವಿನಿಂದ ಇನ್ನೊಬ್ಬರ ಬೀರುವಿಗೆ ಹೋದೀತು, ಅಷ್ಟೆ.

ಆದ್ದರಿಂದ ಸಂಘ ಬೇಕು, ಆದರೆ ಮಾರಾಟ ಅದರ ಮುಖ್ಯ ಕೆಲಸ ಆಗಬಾರದು. ಬ್ಲೇಜರ್, ಸೀರೆ, ಪಂಚೆಗಳನ್ನು ಪುಸ್ತಕದಂತೆ ಎರವಲು ಕೊಡಲಿ, ತೆಗೆದುಕೊಂಡವರ ಹೆಸರು ಗುಟ್ಟಾಗಿರಲಿ. ಮಿಕ್ಕದ್ದನ್ನು ಪಾತ್ರೆಯವರಿಗೇ ಕೊಡಲಿ. ಸಂಘದ ಮೊದಲ ಹಣ ಪೋಸ್ಟರಿಗೆ ಹೋಗದೆ ಹೊಲಿಗೆ ಯಂತ್ರಕ್ಕೆ ಹೋಗಲಿ. ವಾರಕ್ಕೊಮ್ಮೆ ಪಕ್ಕದ ಬೀದಿಯ ಟೈಲರ್‌ಗೆ ಸರಿಯಾದ ಕೂಲಿ ಕೊಟ್ಟು ಕರೆಸಿ, ಜಿಪ್ ಬದಲಿಸುವುದು, ಕಾಜಾ ಹೊಲಿಯುವುದನ್ನು ಕಲಿಯಿರಿ.