ಕೌಟು ಬ್ಲಾಕುಗಳ ಲೆಕ್ಕ

ತಿಪಟೂರು ಸೀಮೆಯ ಅಟ್ಟಗಳಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿ ಸುಲಿದು ಒಡೆದಾಗ, ಉಂಡೆ ಕೊಬ್ಬರಿಯ ಜೊತೆ ಒಂದಿಷ್ಟು ಕೌಟು ಸಿಕ್ಕೇ ಸಿಗುತ್ತದೆ. ಆರಿಸಿ ಬದಿಗಿಟ್ಟರೆ ಆಯಿತು, ಉಳಿದದ್ದು ಮಾರುಕಟ್ಟೆಗೆ. ಅಮ್ಮಸಂದ್ರ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವವರ ಜೇಬಿನ ಮೊಬೈಲಿನೊಳಗೂ ಇಂಥದೇ ಆರಿಸುವ ಕೆಲಸ ಸದಾ ನಡೆದಿರುತ್ತದೆ.

ಮೊಬೈಲಿನ ಫೋಟೊ, ಹಾಡುಗಳೆಲ್ಲ ಉಳಿಯುವುದು ನ್ಯಾಂಡ್ ಫ್ಲ್ಯಾಶ್ ಚಿಪ್ಪಿನಲ್ಲಿ. ತೋಷಿಬಾದ ಫುಜಿಯೊ ಮಸುವೊಕಾ ಮತ್ತು ಸಂಗಡಿಗರು 1987ರಲ್ಲಿ ಲೋಕಕ್ಕೆ ಪರಿಚಯಿಸಿದ ಈ ಚಿಪ್ಪು ಅಗ್ಗವಾಗಲು ಒಂದು ಕಾರಣ, ಎಲ್ಲವೂ ಸರಿಯಿರಲೇಬೇಕೆಂಬ ಹಟವನ್ನು ತಯಾರಕರು ಬಿಟ್ಟದ್ದು. 1 ಗಿಗಾಬಿಟ್‌ನ ಸಾಮಾನ್ಯ ಚಿಪ್ಪಿನಲ್ಲಿ 1024 ಬ್ಲಾಕುಗಳು, ಎಂದರೆ ಒಟ್ಟಿಗೇ ಅಳಿಸುವ ತುಂಡುಗಳು, ಇದ್ದರೆ, 20ರವರೆಗೆ ಕೆಟ್ಟಿರಬಹುದು ಎಂದು ಮಾಹಿತಿ ಪತ್ರದಲ್ಲೇ ಅಚ್ಚು ಹಾಕಿರುತ್ತಾರೆ. ಇಷ್ಟು ಬಾಯಿಬಿಟ್ಟು ಹೇಳುವ ವ್ಯಾಪಾರಿ ಇನ್ನಾವ ಸಂತೆಯಲ್ಲಿ ಸಿಕ್ಕಾನು?

ಕೆಟ್ಟ ಬ್ಲಾಕಿನ ಗುರುತನ್ನು ಕಾರ್ಖಾನೆಯವರು ಅದರ ಮೊದಲ ಪುಟಗಳ ಅಂಚಿನಲ್ಲೇ ಒಂದು ಬೈಟಿನಲ್ಲಿ ಬರೆದಿರುತ್ತಾರೆ. ಆ ಬೈಟಿನ ಎಂಟೂ ಬಿಟ್ಟುಗಳು 1 ಆಗಿದ್ದರೆ ಬ್ಲಾಕು ಸರಿ, ಇಲ್ಲದಿದ್ದರೆ ಮುಟ್ಟಬಾರದು. ತೊಡಕಿರುವುದು ಇಲ್ಲೇ. ಫ್ಲ್ಯಾಶ್ ಅಳಿಸುವುದೆಂದರೆ ಎಲ್ಲ ಬಿಟ್ಟುಗಳನ್ನೂ 1 ಮಾಡುವುದು. ಚಿಪ್ಪನ್ನು ನಡೆಸುವ ತಂತ್ರಾಂಶ, ಎಂದರೆ ಡ್ರೈವರ್, ಅವಸರಪಟ್ಟು ಓದುವ ಮೊದಲೇ ಅಳಿಸಿತೋ, ಗುರುತೂ ಹೋಗಬಹುದು. ಆಮೇಲೆ ಕೆಟ್ಟದ್ದು ಯಾವುದೆಂದು ನಂಬಿಕೆಯಿಂದ ಹೇಳುವ ದಾರಿಯಿಲ್ಲ. ಬ್ಲಾಕು ಕೆಟ್ಟರೆ ಹೋಗುವುದು ಅಂಗೈಯಗಲ ಜಾಗ. ಲೆಕ್ಕ ಕೆಟ್ಟರೆ ಇಡೀ ಚಿಪ್ಪೇ ಅನುಮಾನಕ್ಕೆ ಬೀಳುತ್ತದೆ.

ಅದಕ್ಕೇ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಡ್ರೈವರ್ ಮೊದಲು ಎಲ್ಲ ಬ್ಲಾಕುಗಳನ್ನೂ ಓದಿ ಪಟ್ಟಿ ಮಾಡುತ್ತದೆ. ಥಾಮಸ್ ಗ್ಲೈಕ್ಸ್‌ನರ್ 2004ರಲ್ಲಿ ಬರೆದ ಕೋಡಿನಲ್ಲಿ ಈ ಪಟ್ಟಿಯನ್ನು ಚಿಪ್ಪಿನ ಕೊನೆಯ ಬ್ಲಾಕುಗಳಲ್ಲಿ ಎರಡು ಪ್ರತಿ ಇಡುವ ಏರ್ಪಾಡಿದೆ. ಒಂದರ ತಲೆಬರಹ ‘ಬಿಬಿಟಿ0’, ಇನ್ನೊಂದರದು ಅದನ್ನೇ ತಿರುಗಿಸಿ, 0 ಬದಲು 1 ಇಟ್ಟು ಬರೆದ ‘1ಟಿಬಿಬಿ’. ಪಟ್ಟಿ ಇಟ್ಟ ಬ್ಲಾಕೇ ಕೆಟ್ಟರೇನು ಗತಿ ಎಂಬ ಮುಂಜಾಗ್ರತೆ ಅದು.

ಬಳಸುತ್ತ ಹೋದಂತೆ ಸರಿಯಿದ್ದ ಬ್ಲಾಕುಗಳೂ ಕೆಡುತ್ತವೆ. ಬರೆಯುವಾಗ ಚಿಪ್ಪು ಸೋಲೊಪ್ಪಿಕೊಂಡರೆ, ಅಲ್ಲಿದ್ದುದನ್ನು ಬೇರೆಡೆಗೆ ಸಾಗಿಸಿ ಪಟ್ಟಿಗೆ ಸೇರಿಸಬೇಕು. ಮೊಬೈಲುಗಳಲ್ಲಿ ಈ ಚಾಕರಿಯನ್ನು ಮೆಮೊರಿಯ ಜೊತೆಗೇ ಇರುವ ಕಂಟ್ರೋಲರ್ ಮಾಡುತ್ತದೆ. ಮನೆಯ ಅಗ್ಗದ ವೈಫೈ ರೂಟರುಗಳಲ್ಲಿ ಎಷ್ಟೋ ಸಲ ಡ್ರೈವರಿನದೇ ಹೊಣೆ.

ರಿಪೇರಿಯವನು ತಲುಪಲಾಗದ ಕಡೆ ಏನು ಮಾಡುವುದು? ಮಂಗಳನ ಮೇಲಿದ್ದ ನಾಸಾದ ಆಪರ್ಚುನಿಟಿ ರೋವರಿಗೆ 2014ರಲ್ಲಿ ಮರೆವು ಹತ್ತಿತು. ಅದರ ಫ್ಲ್ಯಾಶ್‌ನ ಏಳು ಭಾಗಗಳಲ್ಲಿ ಏಳನೆಯದರ ಮೇಲೆ ಸಂಶಯ ಬಂತು. ಸೆಪ್ಟೆಂಬರಿನಲ್ಲಿ ಎಲ್ಲವನ್ನೂ ಅಳಿಸಿ ಹೊಸದಾಗಿ ಅಣಿಗೊಳಿಸಿದರೂ ಗುಣ ಕಾಣಲಿಲ್ಲ. ಕೊನೆಗೆ ಏಳನೆಯ ಭಾಗ ಇಲ್ಲವೆಂದೇ ತಿಳಿದು ನಡೆಯುವಂತೆ ಭೂಮಿಯಿಂದ ಹೊಸ ತಂತ್ರಾಂಶ ಕಳಿಸಿದರು. ಮರೆವು ಆಗಲೂ ಪೂರ್ತಿ ಬಿಡಲಿಲ್ಲ. ಹಾಗಾಗಿ ಫ್ಲ್ಯಾಶ್ ಬಿಟ್ಟು, ಅಂದಂದಿನ ಮಾಹಿತಿಯನ್ನು ರೋವರ್ ನಿದ್ದೆಗೆ ಜಾರುವ ಮೊದಲೇ ತರಿಸಿಕೊಳ್ಳುವ ಪಾಠವನ್ನೂ ತಂಡ ಕಲಿಯಿತು. 2018ರ ಜೂನಿನಲ್ಲಿ ಧೂಳಿನ ಬಿರುಗಾಳಿ ಕವಿದು ಸಂಪರ್ಕ ಕಡಿಯುವವರೆಗೂ ರೋವರ್ ಕೆಲಸ ಮಾಡಿತು.