ಹಸ್ತಶುದ್ಧಿಯೂ ಒಂದು ಕಾಯಕ



ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲಕ್ಕೆ ಸಂತಾನಾಪೇಕ್ಷಿಗಳಾದ ದಂಪತಿಗಳು ದೂರದ ಊರುಗಳಿಂದಲೂ ಬರುತ್ತಾರೆ. ಅಲ್ಲಿಯ ಸಂತಾನ ವೇಣುಗೋಪಾಲಸ್ವಾಮಿಗೆ ಹರಕೆ ಹೊತ್ತು ಹಿಂದಿರುಗಿದ ಎಷ್ಟೋ ತಾಯಂದಿರು ಮುಂದೊಂದು ದಿನ ಹೆರಿಗೆಗಾಗಿ ಆಸ್ಪತ್ರೆಯ ಮೆಟ್ಟಿಲೇರುತ್ತಾರೆ. ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಅನಿವಾರ್ಯವಾಗುತ್ತದೆ. ಬೇಡಿ ಪಡೆದ ಕೂಸು ತಾಯಿಯ ಮಡಿಲಲ್ಲಿ ಬೆಳೆಯಬೇಕಾದರೆ ಶಸ್ತ್ರವೈದ್ಯರ ಕೌಶಲವೊಂದೇ ಸಾಲದು. ಆ ಕೊಠಡಿಯೊಳಗಿನ ಪ್ರತಿಯೊಂದು ಕೈಯೂ ಶುದ್ಧವಾಗಿರಬೇಕು.

ಈ ಸತ್ಯವನ್ನು ಲೋಕ ಬಹು ತಡವಾಗಿ ಅರಿಯಿತು. 1847ರ ಏಪ್ರಿಲ್‌ನಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯ ಒಂದು ವಿಭಾಗದಲ್ಲಿ ನೂರಕ್ಕೆ 18 ಮಂದಿ ಬಾಣಂತಿಯರು ನಂಜುಜ್ವರದಿಂದ ಮೃತರಾದರು. ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಕೊಠಡಿಗೆ ಬರುತ್ತಿದ್ದ ವೈದ್ಯರ ಕೈಗಳೇ ಅದಕ್ಕೆ ಕಾರಣವೆಂದು ಸೆಮ್ಮೆಲ್‌ವೈಸ್ ಎಂಬ ವೈದ್ಯನು ಗುರುತಿಸಿ, ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ಮಾಡಿದನು. ಜೂನ್ ವೇಳೆಗೆ ಸಾವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು. ಆದರೂ ಪಂಡಿತರನೇಕರು ಅವನ ಮಾತನ್ನು ಒಪ್ಪಲಿಲ್ಲ. ತಮ್ಮ ಕೈಯೇ ಮಲಿನವೆಂದು ಒಪ್ಪಿಕೊಳ್ಳಲು ವಿದ್ಯೆಯ ಅಹಂಕಾರ ಬಿಡಲಿಲ್ಲ.

ಇಂದು ಶಸ್ತ್ರಚಿಕಿತ್ಸಾ ಕೊಠಡಿಯ ಸಿಬ್ಬಂದಿಗೆ ಕೊಡುವ ತರಬೇತಿಯ ಮೊದಲ ಪಾಠವೇ ಈ ಹಸ್ತಶುದ್ಧಿ. ಬಳೆ, ಉಂಗುರ, ಕೈಗಡಿಯಾರಗಳನ್ನು ತೆಗೆದಿಟ್ಟು ಬೆರಳ ತುದಿಯಿಂದ ಮೊಣಕೈವರೆಗೆ ಉಜ್ಜಿ ತೊಳೆಯಬೇಕು. ಬಳೆ ತೆಗೆಯುವುದು ಮುತ್ತೈದೆತನಕ್ಕೆ ಕುಂದೆಂದು ಹಿಂಜರಿಯುವ ದಾದಿಗೆ ಮನೆಯ ಹಿರಿಯರೇ ಧೈರ್ಯ ಹೇಳಬೇಕು. ಎರಡನೆಯ ಪಾಠ ಉಪಕರಣಗಳದು. ಆಟೋಕ್ಲೇವ್ ಯಂತ್ರದಲ್ಲಿ ಅವುಗಳನ್ನು ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಶುದ್ಧಗೊಳಿಸುತ್ತಾರೆ. ಗಂಟಿನ ಮೇಲಿನ ಪಟ್ಟಿ ಕಪ್ಪಾದ ಮಾತ್ರಕ್ಕೆ ಒಳಗಿನದು ಶುದ್ಧವೆನ್ನಲಾಗದು. ಗಂಟನ್ನು ಬಿಗಿದು ತುಂಬಿದ್ದರೆ ಹಬೆ ಒಳಹೊಗದು. ಆದ್ದರಿಂದಲೇ ಒಳಗೊಂದು ಸೂಚಕವನ್ನಿಟ್ಟು ಪರೀಕ್ಷಿಸುತ್ತಾರೆ. ನಮ್ಮ ಆಚಾರಕ್ಕೂ ಇದು ಸಲ್ಲುವ ಮಾತಲ್ಲವೇ?

ಆದರೆ ಈ ತರಬೇತಿ ವೈದ್ಯರಿಗೂ ದಾದಿಯರಿಗೂ ಮಾತ್ರ ಸೀಮಿತವಾದರೆ ಫಲವಿಲ್ಲ. ನೆಲ ಒರೆಸುವವರು, ಬಟ್ಟೆ ಒಗೆಯುವವರು, ಗಂಟು ಕಟ್ಟುವವರು, ಇವರಲ್ಲಿ ಒಬ್ಬರು ತಪ್ಪಿದರೂ ಉಳಿದವರೆಲ್ಲರ ಶ್ರಮ ವ್ಯರ್ಥ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ರೂಪಿಸಿದ 19 ಅಂಶಗಳ ಪಟ್ಟಿಯಲ್ಲಿ, ಚರ್ಮಕ್ಕೆ ಕತ್ತರಿ ತಾಗುವ ಮುನ್ನ ತಂಡದ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಬೇಕೆಂಬ ನಿಯಮವಿದೆ. ಉಪಕರಣ ಶುದ್ಧವೆಂದು ದೃಢಪಡಿಸುವವಳು ದಾದಿ. ಹೆಸರು ಹೇಳಿದವನಿಗೆ ಮುಂದೆ ತಪ್ಪನ್ನು ಕಂಡಾಗ ‘ನಿಲ್ಲಿಸಿ’ ಎನ್ನಲು ಬಾಯಿ ಬರುತ್ತದೆ. ಕಿರಿಯರ ಆ ಮಾತನ್ನು ಹಿರಿಯರು ಕೋಪಿಸಿಕೊಳ್ಳದೆ ಕೇಳುವುದೇ ತರಬೇತಿಯ ಕಠಿಣ ಭಾಗ.

ಇದು ನಮಗೆ ಹೊಸದಲ್ಲ. ಬಟ್ಟೆ ಮಡಿಮಾಡುತ್ತಿದ್ದ ಮಾಚಯ್ಯನವರನ್ನು ಕಲ್ಯಾಣದ ಶರಣರು ಸರಿಸಮನಾಗಿ ಗೌರವಿಸಿದರು. ಹೆಮ್ಮರಗಾಲವಿರುವ ತಾಲ್ಲೂಕಿನಲ್ಲಿಯೇ ಸುತ್ತೂರು ಶ್ರೀಕ್ಷೇತ್ರವೂ ಇದೆ. ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು 1954ರಲ್ಲಿ ಸ್ಥಾಪಿಸಿದ ಮಹಾವಿದ್ಯಾಪೀಠವು 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಇಂತಹ ಸಂಸ್ಥೆಗಳಲ್ಲಿ ಕಲಿತು ನಮ್ಮ ಮಕ್ಕಳು ವೈದ್ಯರಾಗಿದ್ದಾರೆ, ದಾದಿಯರಾಗಿದ್ದಾರೆ. ಅವರ ಕಾಯಕಕ್ಕೆ ನಾವೂ ನೆರವಾಗಬೇಕು. ರೋಗಿಯನ್ನು ನೋಡಲು ಗುಂಪಾಗಿ ನುಗ್ಗಬಾರದು. ಕೈ ತೊಳೆಯದೆ ಬಾಣಂತಿಯನ್ನಾಗಲಿ ಕೂಸನ್ನಾಗಲಿ ಮುಟ್ಟಬಾರದು. ವಿಭೂತಿಯನ್ನು ಹಣೆಗೆ ಧರಿಸೋಣ. ಹೊಲಿಗೆ ಹಾಕಿದ ಗಾಯಕ್ಕೆ ಬೇಡ.

ಹರಕೆಯ ಕೂಸಿನ ತಾಯಿ ಮನೆಗೆ ಮರಳಿದ ದಿನ ವೈದ್ಯರಿಗೆ ಕೈಮುಗಿಯುವುದು ಸರಿಯೇ. ಜೊತೆಗೆ ಕೊಠಡಿಯ ನೆಲ ಒರೆಸಿದವರಿಗೂ ಒಂದು ಶರಣು ಸಲ್ಲಲಿ.