ಸೋಮಾರಿತನವಲ್ಲ, ರೋಗ

ಕೆಲಸದ ನಡುವೆಯೇ ತಡೆಯಲಾರದ ನಿದ್ರೆಗೆ ವಶನಾಗುವವನನ್ನು ಸೋಮಾರಿಯೆಂದು ಹಳಿಯುವುದು ಲೋಕರೂಢಿ. ಆದರೆ ನಾರ್ಕೊಲೆಪ್ಸಿ ಎಂಬ ನಿದ್ರಾರೋಗವು ಮನಸ್ಸಿನ ದೌರ್ಬಲ್ಯವಲ್ಲ. ಎಚ್ಚರವನ್ನು ಕಾಯುವ ಹೈಪೊಕ್ರೆಟಿನ್ ಎಂಬ ದ್ರವ್ಯವು ಮಿದುಳಿನಲ್ಲಿ ಕ್ಷೀಣಿಸುವುದೇ ಬಹುಮಟ್ಟಿಗೆ ಅದರ ಕಾರಣ. 1999ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳಿಗೆ ಇದರ ಸುಳಿವಿತ್ತುದು ಅದೇ ರೋಗವಿದ್ದ ನಾಯಿಗಳು.

ಇಂದು ಅಲ್ಲಿ ನಾಯಿಯೇ ರೋಗಿಯ ಸೇವೆಗೂ ನಿಂತಿದೆ. ತರಬೇತಿ ಪಡೆದ ನಾಯಿಯು ಗಡಿಯಾರದ ಗಂಟೆಗೂ ಏಳದ ಒಡೆಯನನ್ನು ಎಬ್ಬಿಸುತ್ತದೆ; ಹೊರಗೆ ನಿದ್ರೆಗೆ ಜಾರಿದವನ ಬಳಿ ಕಾವಲಿರುತ್ತದೆ. 1990ರ ಅಲ್ಲಿನ ಅಂಗವಿಕಲರ ಕಾಯಿದೆಯಂತೆ ಹೋಟೆಲಿನವರು ಅದನ್ನು ಬಾಗಿಲಲ್ಲಿ ತಡೆಯುವಂತಿಲ್ಲ.

ನಮ್ಮಲ್ಲಿ ಅಂಥ ನಾಯಿ ದೂರದ ಮಾತು. ಆದರೆ ರಾತ್ರಿ ಸಾಕಷ್ಟು ಮಲಗಿಯೂ ಗಲ್ಲಾಪೆಟ್ಟಿಗೆಯ ಮುಂದೆ ತೂಕಡಿಸುವ ಜತೆಗಾರನನ್ನು ಜರೆಯದೆ ವೈದ್ಯರಲ್ಲಿಗೆ ಕರೆದೊಯ್ಯಲು ಕಾಯಿದೆ ಬೇಕಿಲ್ಲ. ನಾಯಿ ತೋರುವ ಕಾಳಜಿಯನ್ನು ಮನುಷ್ಯನು ತೋರಲಾರನೆ?